ಇಸ್ತ್ರಿ ಪೆಟ್ಟಿಗೆ ಮೇಲೆ ಹಸಿರು ಫಿಲ್ಮ್

ನನ್ನದು ಉಡುಪಿಯಲ್ಲಿ ಸಣ್ಣದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಮಳೆಗಾಲವೇ ನಮಗೆ ಸೀಸನ್. ಸಿಡಿಲಿಗೆ ಸತ್ತ ಸೆಟ್‌ಟಾಪ್ ಬಾಕ್ಸು, ಇರುವೆ ಗೂಡು ಕಟ್ಟಿದ ಇನ್ವರ್ಟರು, ಉಪ್ಪುಗಾಳಿಗೆ ಹಸಿರು ಹಿಡಿದ ಬೋರ್ಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಕಥೆ. ಈ ಸಲ ತುಳುವರ ಆಟಿ ತಿಂಗಳು ಶುರುವಾಗುವ ಹೊತ್ತಿಗೆ ಅಕ್ಕನ ಮಗ ಒಂದು ಹಳೇ ಸ್ವೀಟ್ ಡಬ್ಬಿ ಹಿಡಿದುಕೊಂಡು ಬಂದ. ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದಾನೆ. ಡಬ್ಬಿಯೊಳಗೆ ಮೈಕ್ರೋಸ್ಕೋಪಿಗೆ ಇಡುವಂಥ ಗಾಜಿನ ಸ್ಲೈಡುಗಳು. ಪ್ರತಿಯೊಂದರ ಮೇಲೂ ಎಳೆ ಬಾಳೆ ಎಲೆ ಬಣ್ಣದ ತೆಳು ಪದರ.

"ಮಾಮ, ಇದು ಪ್ಲಾಸ್ಟಿಕ್ಕು. ಆದ್ರೆ ಕರೆಂಟು ಹರಿಯುತ್ತೆ. ಬಿಸಿ ಮಾಡಿದ್ರೆ ಎಂತ ಆಗುತ್ತೆ ಅಂತ ನೋಡ್ಬೇಕು. ನಿಮ್ಮ ಹತ್ರ ಮೀಟರ್ ಉಂಟಲ್ಲ?"

ಮೀಟರ್ ಇತ್ತು. ಇಲ್ಲದಿದ್ದದ್ದು ತಾಳ್ಮೆ. ಅದು ಮುಂದೆ ಗೊತ್ತಾಯಿತು.

ಪದರದ ಹೆಸರು ಪಾಲಿಅನಿಲೀನ್. ಅನಿಲೀನ್ ಎಂಬ ಎಣ್ಣೆಯಂಥ ದ್ರವದ ಕಣಗಳು ಸರಪಳಿಯಾಗಿ ಸೇರಿದರೆ ಇದು ಸಿಗುತ್ತದೆ. ಹೆಸರಿನ ಮೂಲ ನಮ್ಮ 'ನೀಲಿ'ಯೇ. ಸಂಸ್ಕೃತದ ನೀಲ ಅರಬ್ಬರ ಬಾಯಲ್ಲಿ ಅನ್‌ನೀಲ್ ಆಯಿತು, ಪೋರ್ಚುಗೀಸರಲ್ಲಿ ಅನಿಲ್ ಆಯಿತು. ಯುರೋಪಿನವರು ನೀಲಿ ಗಿಡದ ಬಣ್ಣವನ್ನು ಕಾಯಿಸಿ ತೆಗೆದ ದ್ರವಕ್ಕೆ ಅದೇ ಹೆಸರು ಅಂಟಿಕೊಂಡಿತು. ಬಟ್ಟೆಗೆ ಕಪ್ಪು ಬಣ್ಣ ಹಾಕುವುದಕ್ಕೆ 1863ರಲ್ಲೇ ಇಂಗ್ಲೆಂಡಿನ ಜಾನ್ ಲೈಟ್‌ಫೂಟ್ ಇದನ್ನು ಬಳಸಿದ್ದ. ಅದರಲ್ಲಿ ಕರೆಂಟು ಹರಿಸುವ ಯೋಚನೆ ಆಗ ಯಾರಿಗಿತ್ತು? 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ಮೂವರೂ ಸೇರಿ ಪಾಲಿಅಸಿಟಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿಗೆ ಅಯೋಡಿನ್ ಸೇರಿಸಿ ಕರೆಂಟು ಹರಿಸಿದ ಮೇಲೆ ಈ ಇಡೀ ಸಂಸಾರಕ್ಕೆ ಬೆಲೆ ಬಂತು. 2000ದಲ್ಲಿ ಮೂವರಿಗೂ ನೊಬೆಲ್ ಸಿಕ್ಕಿತು.

ಪಾಲಿಅನಿಲೀನ್‌ನ ಗುಟ್ಟು ಆಸಿಡ್‌ನಲ್ಲಿದೆ. ಸರಪಳಿಯ ನೈಟ್ರೋಜನ್‌ಗೆ ಆಸಿಡ್ ಒಂದು ಪ್ರೋಟಾನ್ ಕೊಟ್ಟರೆ ಪದರ ಹಸಿರಾಗುತ್ತದೆ, ಕರೆಂಟು ಹರಿಯುತ್ತದೆ. ಅಮೋನಿಯಾ ತೋರಿಸಿದರೆ ಪ್ರೋಟಾನ್ ಹೋಗುತ್ತದೆ, ಪದರ ನೀಲಿಯಾಗುತ್ತದೆ, ಕರೆಂಟು ನಿಲ್ಲುತ್ತದೆ. ಪುನಃ ಆಸಿಡ್‌ಗೆ ಅದ್ದಿದರೆ ಪುನಃ ಹಸಿರು. ಅಂಗಡಿಯಲ್ಲಿ ಬೋರ್ಡು ತೊಳೆಯುವ ಐಸೋಪ್ರೊಪೈಲ್ ಆಲ್ಕೋಹಾಲ್ ಡಬ್ಬಿ ಪಕ್ಕ ಅಮೋನಿಯಾ ಬಾಟಲಿ ಇಟ್ಟುಕೊಂಡು ನಾನು ಅರ್ಧ ದಿನ ಸುಮ್ನೆ ಇದೇ ಆಟ ಆಡಿದೆ. ಗಿರಾಕಿಯೊಬ್ಬರು ಮಿಕ್ಸಿ ಕೇಳಲು ಬಂದವರು ಮಿಕ್ಸಿ ಮರೆತು ನಿಂತರು.

ಹುಡುಗನ ಪ್ರಶ್ನೆ ಇಷ್ಟು. ಮಾಮೂಲಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ ಫಿಲ್ಮ್ ಬಿಸಿಗೆ ಬೇಗ ಸೋಲುತ್ತದೆ. ಆಸಿಡ್ ಗ್ಯಾಸ್ ಆಗಿ ಹಾರಿಹೋಗುತ್ತದೆ. ಅದರ ಬದಲು ಹಾರಿಹೋಗದ ರಂಜಕದ (ಫಾಸ್ಫರಸ್) ಆಸಿಡ್ ಹಾಕಿದರೆ? ಅವನು ಆರಿಸಿದ್ದು ಫೈಟಿಕ್ ಆಸಿಡ್. ಆರು ಕಾರ್ಬನ್‌ಗಳ ಒಂದು ಬಳೆ, ಪ್ರತಿ ಕಾರ್ಬನ್‌ಗೆ ಆಮ್ಲಜನಕದ ಮೂಲಕ ಒಂದೊಂದು ಫಾಸ್ಫೇಟ್. ಏಡಿಯ ಹಾಗೆ ಸುತ್ತಲೂ ಕೈಗಳು. ಒಂದು ಕೈ ಒಂದು ಸರಪಳಿಯನ್ನು ಹಿಡಿದರೆ ಇನ್ನೊಂದು ಕೈ ಪಕ್ಕದ ಸರಪಳಿಯನ್ನು ಹಿಡಿಯುತ್ತದೆ. ಇದನ್ನೇ ಬಳಸಿ 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಪಾಲಿಅನಿಲೀನ್‌ನ ಜೆಲ್ಲಿ ಮಾಡಿದ್ದರು.

ಫೈಟಿಕ್ ಆಸಿಡ್ ಎಲ್ಲಿರುತ್ತದೆ ಗೊತ್ತಾ? ನಾವು ದನಕ್ಕೆ ಹಾಕುವ ತೌಡಿನಲ್ಲಿ. ಇದನ್ನು ಕೇಳಿದ ಕೂಡಲೇ ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಅಕ್ಕಿ ಮಿಲ್ಲಿನಿಂದ ಎರಡು ಕಿಲೋ ತೌಡು ತಂದು ತೆಳು ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿದೆ. ಸೋಸಿದಾಗ ಸಿಕ್ಕಿದ್ದು ಗಂಜಿಯಂಥ ಕಂದು ನೀರು. ಮೂರನೇ ದಿನ ನಾತ ಬಂತು. ಬಿಸಾಡಿ, 50 ಶೇಕಡಾದ ದ್ರಾವಣ ದುಡ್ಡು ಕೊಟ್ಟು ತರಿಸಿದೆವು.

ಪಕ್ಕದ ಮನೆಯವರಿಗೆ ಅಡಿಕೆ ತೋಟ ಇದೆ. ಸಂಜೆ ಬಂದು ಕೇಳಿದರು, "ರಂಜಕದ್ದು ಬೇಕಾದ್ರೆ ದುಡ್ಡು ಯಾಕೆ ಹಾಕ್ತೀರಿ ಮಾರಾಯ್ರೆ? ನಮ್ಮ ಶೆಡ್ಡಲ್ಲಿ ಹಳೇ ಕ್ರಿಮಿನಾಶಕದ ಬಾಟ್ಲಿ ಉಂಟು." ಬೇಡವೇ ಬೇಡ ಎಂದೆ. ಸಾವಯವ ರಂಜಕದ ಕ್ರಿಮಿನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬಿಸಿ ಮಾಡಿದರೆ ವಿಷದ ಹೊಗೆ ಬೇರೆ. ತೌಡಿನ ಫೈಟಿಕ್ ಆಸಿಡ್ ಕೂಡ ಸಾವಯವ ರಂಜಕ ಎಂಬ ಅದೇ ಜಾತಿಯ ಹೆಸರಿನಲ್ಲಿ ಬರುತ್ತದೆ ಅಷ್ಟೇ, ಗುಣ ಬೇರೆ. ಅವರು "ಹಾಗಾದ್ರೆ ಕೊಕ್ಕಡದ ಕಡೆ ಗೇರುತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಇದೇ ಅಲ್ವಾ?" ಎಂದರು. ಅಲ್ಲ. ಅದು ಕ್ಲೋರಿನ್ ಇರುವ ವಿಷ, ಅದರಲ್ಲಿ ರಂಜಕ ಇಲ್ಲ. ನಮ್ಮ ಕಡೆ ಎಲ್ಲ ವಿಷಕ್ಕೂ ಅದೊಂದೇ ಹೆಸರು ಬಾಯಿಗೆ ಬರುತ್ತದೆ. ಬರದೇ ಇರುತ್ತದೆಯೇ, ಅಷ್ಟು ಅನುಭವಿಸಿದ್ದಾರೆ.

ಫಿಲ್ಮ್ ಮಾಡುವ ಕೆಲಸ ಹುಡುಗನ ಕಾಲೇಜಿನ ಲ್ಯಾಬಿನಲ್ಲಿ, ಹೊಗೆ ಎಳೆಯುವ ಕಪಾಟಿನೊಳಗೆ ನಡೆಯಿತು. ಅನಿಲೀನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ, ರಕ್ತ ಆಮ್ಲಜನಕ ಒಯ್ಯದ ಹಾಗೆ ಮಾಡುತ್ತದೆ. ಮನೆಗೆ ತರುವ ವಸ್ತುವಲ್ಲ. ಅನಿಲೀನ್‌ಗೆ ಅಮೋನಿಯಂ ಪರ್ಸಲ್ಫೇಟ್ ಹಾಕಿದರೆ ಹತ್ತಿಪ್ಪತ್ತು ನಿಮಿಷದಲ್ಲಿ ನೀರು ನೀಲಿಯಾಗಿ, ಹಸಿರಾಗಿ, ಬಿಸಿಯಾಗುತ್ತದಂತೆ. ಒಳಗೆ ನಿಲ್ಲಿಸಿದ ಗಾಜಿಗೆಲ್ಲ ಪದರ ತಾನಾಗಿ ಅಂಟುತ್ತದೆ. ಒಂದೇ ಬ್ಯಾಚಿನ ಸ್ಲೈಡುಗಳನ್ನೆಲ್ಲ ಅಮೋನಿಯಾದಲ್ಲಿ ನೀಲಿ ಮಾಡಿ, ಅರ್ಧ ಹೈಡ್ರೋಕ್ಲೋರಿಕ್‌ಗೆ, ಅರ್ಧ ಫೈಟಿಕ್‌ಗೆ ಅದ್ದಿ ತಂದಿದ್ದ. ಈ ಯೋಜನೆ ಚೆನ್ನಾಗಿತ್ತು. ಪದರ ಒಂದೇ, ಆಸಿಡ್ ಮಾತ್ರ ಬೇರೆ.

ನನ್ನ ಪಾಲಿಗೆ ಬಂದದ್ದು ಬಿಸಿ ಮಾಡುವ ಸಾಧನ. ಲ್ಯಾಬಿನ ಹಾಟ್‌ಪ್ಲೇಟಿಗೆ ಸರದಿ ಜಾಸ್ತಿ. ಅಕ್ಕನ ಮನೆಯ ಹಳೇ 750 ವ್ಯಾಟ್ ಇಸ್ತ್ರಿ ಪೆಟ್ಟಿಗೆ ನನ್ನ ಹತ್ತಿರ ಬಿದ್ದಿತ್ತು. ವೈರ್ ತುಂಡಾಗಿದ್ದು ಬಿಟ್ಟರೆ ಕಾಯಿಲ್ ಸರಿಯಿತ್ತು. ಅದನ್ನು ಮಗುಚಿ ಹಾಕಿ ಹಿಡಿ ತೆಗೆದೆ. ಅಡಿಗೆ ಎರಡು ಮಂಗಳೂರು ಹೆಂಚು ಇಟ್ಟೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕುವಾಗ ಇಂಥ ಉಪಯೋಗ ಅವರ ಮನಸ್ಸಿನಲ್ಲಿ ಇದ್ದಿರಲಿಕ್ಕಿಲ್ಲ. ಮೇಲೆ ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯಲ್ಲಿ ಕತ್ತರಿಸಿ ತಂದ 10 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತುಂಡು. ಅದರ ಬದಿಗೆ ತೂತು ಕೊರೆದು ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್ ತುರುಕಿದೆ.

ಇಸ್ತ್ರಿ ಪೆಟ್ಟಿಗೆಯ ಸ್ವಂತ ಥರ್ಮೋಸ್ಟಾಟ್ ಬಟ್ಟೆಗೆ ಸಾಕು, ಇದಕ್ಕೆ ಸಾಲದು. 120ಕ್ಕೆ ಇಟ್ಟರೆ 105ರಿಂದ 140ರ ತನಕ ಜೋಕಾಲಿ ಆಡುತ್ತದೆ. ಬಿಸಿ ನೋಡಿಕೊಂಡು ಪವರ್ ಹೆಚ್ಚುಕಡಿಮೆ ಮಾಡುವ ಪಿಐಡಿ ಕಂಟ್ರೋಲರ್, ಅದರ ಮಾತಿನಂತೆ ಕರೆಂಟು ಬಿಡುವ ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಆಗಲೂ ಮೊದಲ ಸಲ ಗುರಿ ದಾಟಿ 18 ಡಿಗ್ರಿ ಮೇಲೆ ಹೋಯಿತು. ಇಷ್ಟು ಸಣ್ಣ ತುಂಡಿಗೆ 750 ವ್ಯಾಟ್ ಜಾಸ್ತಿ. ಹಳೇ ಉಪಾಯ ಮಾಡಿದೆ. ಸೀರೀಸ್‌ನಲ್ಲಿ ಒಂದು 1ಎನ್5408 ಡಯೋಡ್. ಕರೆಂಟಿನ ಅರ್ಧ ಅಲೆ ಮಾತ್ರ ಹೋಗುತ್ತದೆ, ಪವರ್ ಅರ್ಧವಾಗುತ್ತದೆ. ಆಮೇಲೆ ಕಂಟ್ರೋಲರ್ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಆಟೋಟ್ಯೂನ್ ಓಡಿಸಿದರೆ 2 ಡಿಗ್ರಿಯೊಳಗೆ ನಿಂತಿತು. ಹಳೇ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಲಿಲ್ಲ. ಪೂರ್ತಿ ತಿರುಗಿಸಿ ಸೀರೀಸ್‌ನಲ್ಲೇ ಬಿಟ್ಟೆ. ರಿಲೇ ಶಾರ್ಟ್ ಆದರೆ ಅದಾದರೂ ಕಟ್ ಮಾಡಲಿ ಎಂದು. ಇನ್ನು ಅಲ್ಯೂಮಿನಿಯಂಗೆ ಅರ್ಥ್ ವೈರ್. ಮೂರನೇ ಪಿನ್ ಇಲ್ಲದೆ ಇಂಥದ್ದನ್ನು ಯಾರೂ ಮುಟ್ಟಬೇಡಿ, ಅದರಲ್ಲೂ ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು.

ಫಿಲ್ಮ್‌ಗೆ ವೈರ್ ಸೇರಿಸುವಲ್ಲಿ ಮೊದಲ ಪೆಟ್ಟು ಬಿತ್ತು. ತಾಮ್ರದ ಟೇಪ್ ಅಂಟಿಸಿದೆ. ಹೈಡ್ರೋಕ್ಲೋರಿಕ್ ಸ್ಲೈಡಿನಲ್ಲಿ ಒಂದು ದಿನ ತಡೆಯಿತು. ಫೈಟಿಕ್ ಸ್ಲೈಡಿನಲ್ಲಿ ಬೆಳಿಗ್ಗೆ ನೋಡುವಾಗ ಟೇಪಿನ ಅಂಚಿಗೆ ನೀಲಿ ಹಸಿರು ಕಿಲುಬು. ಫೈಟಿಕ್ ಆಸಿಡ್ ಲೋಹದ ಅಯಾನುಗಳನ್ನು ಗಟ್ಟಿಯಾಗಿ ಹಿಡಿಯುವ ವಸ್ತು. ಅದಕ್ಕೇ ಅಲ್ವಾ ಧಾನ್ಯದಲ್ಲಿರುವ ಕಬ್ಬಿಣ, ಸತು ನಮ್ಮ ಮೈಗೆ ಸರಿಯಾಗಿ ಸಿಗದಂತೆ ಅದು ಅಡ್ಡ ಬರುವುದು. ಹುಡುಗ ಈ ಕಿಲುಬನ್ನು ನೋಡಿ "ಫಿಲ್ಮ್ ಇಲ್ಲಿ ಜಾಸ್ತಿ ಹಸಿರಾಗಿದೆ ಮಾಮ" ಎಂದು ನೋಟ್ ಬರೆದುಕೊಂಡಿದ್ದ. ಆ ಪುಟ ಹರಿದೆವು. ತಾಮ್ರ ತೆಗೆದು ಗ್ರಾಫೈಟ್ ಹಾಳೆಯ ಪಟ್ಟಿ ಇಟ್ಟು, ಸ್ಟೀಲ್ ಕ್ಲಿಪ್ಪಿನಿಂದ ಒತ್ತಿದೆ. ಎರಡು ಪಟ್ಟಿಗಳ ನಡುವೆ 25 ಮಿಲಿಮೀಟರ್, ಸ್ಲೈಡಿನ ಅಗಲವೂ ಅಷ್ಟೇ. ಚೌಕ ಆದರೆ ಲೆಕ್ಕ ಸುಲಭ.

ಮೊದಲ ಸುತ್ತಿನ ರೀಡಿಂಗ್. ಓಮ್ ಅಂದರೆ ಕರೆಂಟಿಗೆ ಇರುವ ಅಡ್ಡಿಯ ಅಳತೆ, ಅಂಕಿ ಕಡಿಮೆ ಇದ್ದಷ್ಟೂ ಕರೆಂಟು ಚೆನ್ನಾಗಿ ಹರಿಯುತ್ತದೆ. ಬಿಸಿ ಮಾಡುವ ಮೊದಲು ಹೈಡ್ರೋಕ್ಲೋರಿಕ್ ಸ್ಲೈಡು 34 ಕಿಲೋ ಓಮ್, ಫೈಟಿಕ್ ಸ್ಲೈಡು 12. ಆಗಲೇ ಹುಡುಗನ ಮುಖ ಅರಳಿತು. 120 ಡಿಗ್ರಿಯಲ್ಲಿ ಎರಡು ತಾಸು ಇಟ್ಟು, ಆರಿಸಿ, ಮರುದಿನ ಬೆಳಿಗ್ಗೆ ನೋಡಿದರೆ ಹೈಡ್ರೋಕ್ಲೋರಿಕ್ 190ಕ್ಕೆ ಏರಿತ್ತು. ಫೈಟಿಕ್ ಬಿಸಿಯಲ್ಲಿದ್ದಾಗ 40 ದಾಟಿದ್ದು, ಬೆಳಿಗ್ಗೆ ಪುನಃ 13. ಹೊಸ ಸ್ಲೈಡುಗಳನ್ನು 150ರಲ್ಲಿ ಇಟ್ಟೆವು. ಹೈಡ್ರೋಕ್ಲೋರಿಕ್ 6 ಮೆಗಾ ಓಮ್, ಅಂದರೆ 6000 ಕಿಲೋ, ಬಣ್ಣವೂ ನೀಲಿಗೆ ತಿರುಗಿತ್ತು. ಫೈಟಿಕ್ ಬೆಳಿಗ್ಗೆ 14 ಕಿಲೋ. "ಮಾಮ, ಇದು ಬಿಸಿಗೆ ಬಗ್ಗುವುದೇ ಇಲ್ಲ!" ಗೈಡ್‌ಗೆ ಮೆಸೇಜ್ ಕಳಿಸಲು ಫೋನ್ ತೆಗೆದಿದ್ದ. ತಡಿ ಮಾರಾಯ, 200 ಕೂಡ ನೋಡುವ ಎಂದೆ.

200ರಲ್ಲಿ ಒಂದು ತಾಸು. ಹೈಡ್ರೋಕ್ಲೋರಿಕ್ ಸ್ಲೈಡಿಗೆ ಮೀಟರ್ 'ಓಎಲ್' ತೋರಿಸಿತು, ಅಂದರೆ ಅಳತೆಗೇ ಸಿಗದಷ್ಟು. ಫೈಟಿಕ್ ಸ್ಲೈಡು ಬೆಲ್ಲದ ಪಾಕ ಸೀದಂತೆ ಕಂದಾಗಿ, ಗುಳ್ಳೆ ಎದ್ದು, ಕಪ್ಪಾಯಿತು. ಹಸಿರಿನ ಸುಳಿವೇ ಇರಲಿಲ್ಲ. ಬೆಳಿಗ್ಗೆ ಮೀಟರ್ ಇಟ್ಟೆ. 19 ಕಿಲೋ ಓಮ್.

ಇಲ್ಲಿ ನನಗೆ ಕಸಿವಿಸಿ ಶುರುವಾಯಿತು. ಸೀದು ಕರಕಲಾದದ್ದು ಹೊಸದರಷ್ಟೇ ಚೆನ್ನಾಗಿ ಕರೆಂಟು ಹರಿಸುತ್ತದೆ ಎಂದರೆ ಯಾರು ನಂಬುತ್ತಾರೆ? ಮೀಟರಿನ ಎರಡು ಕಡ್ಡಿಗಳನ್ನು ಅದಲು ಬದಲು ಮಾಡಿದೆ. ಅಂಕಿ ಸರ್ರನೆ ಇಳಿದು, ನಿಧಾನಕ್ಕೆ ಮೇಲೆ ಹತ್ತತೊಡಗಿತು. ಪುನಃ ಬದಲಿಸಿದೆ. ಪುನಃ ಅದೇ. ನಿಜವಾದ ರೆಸಿಸ್ಟರ್ ಹೀಗೆ ಮಾಡುವುದಿಲ್ಲ. ಹೀಗೆ ಮಾಡುವುದು ಒದ್ದೆ ಬೋರ್ಡು! ವರ್ಷವಿಡೀ ನಾನು ಗಿರಾಕಿಗಳಿಗೆ ಹೇಳುವ ಮಾತು ಅದು. ಬೆಸುಗೆಯ ಫ್ಲಕ್ಸ್ ಉಳಿದ ಬೋರ್ಡಿಗೆ ತೇವ ತಾಗಿದರೆ ಇಲ್ಲದ ಕನೆಕ್ಷನ್ ಹುಟ್ಟುತ್ತದೆ, ತೊಳೆದು ಒಣಗಿಸಿದ ಮೇಲೇ ಅಳೆಯಬೇಕು. ನಮ್ಮದೇ ಮೇಜಿನ ಮೇಲೆ ಅದೇ ಆಗುತ್ತಿತ್ತು.

ಖಚಿತ ಮಾಡಲು ಖಾಲಿ ಗಾಜು ತೆಗೆದುಕೊಂಡೆ. ಪಾಲಿಅನಿಲೀನ್ ಇಲ್ಲ, ಏನೂ ಇಲ್ಲ. ಅದನ್ನು ಫೈಟಿಕ್ ದ್ರಾವಣದಲ್ಲಿ ಅದ್ದಿ, ಸ್ಲೈಡುಗಳ ಜೊತೆ ಒಣಗಲು ಇಟ್ಟೆ. ಮರುದಿನ ಅದು 15 ಕಿಲೋ ಓಮ್ ತೋರಿಸಿತು. ಬರೀ ಗಾಜು! 120ರಲ್ಲಿ ಇಟ್ಟು ತೆಗೆದೆ. ಬಿಸಿಯಲ್ಲಿ ಏರಿತು, ಬೆಳಿಗ್ಗೆ ಇಳಿದಿತ್ತು. ಫೈಟಿಕ್ ಆಸಿಡ್ ಒಣಗಿದರೂ ಜೇನಿನಂಥ ಅಂಟು ಪದರವಾಗಿ ಉಳಿಯುತ್ತದೆ, ಗಾಳಿಯ ತೇವ ಹೀರುತ್ತದೆ. ಅದರೊಳಗೆ ಪ್ರೋಟಾನ್‌ಗಳು ಓಡಾಡುತ್ತವೆ. ನಮ್ಮ ರೂಮಿನಲ್ಲಿ ಆ ವಾರ ಹ್ಯುಮಿಡಿಟಿ 88ರಿಂದ ಇಳಿದದ್ದೇ ಇಲ್ಲ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿತ್ತು. ನಾವು ನಾಲ್ಕು ದಿನ ಅಳೆದದ್ದು ಫಿಲ್ಮನ್ನು ಅಲ್ಲ, ಅದರ ಮೇಲಿನ ಪಾಕವನ್ನು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಕ್ಕ ಕಳಿಸಿದ್ದ ಪತ್ರೊಡೆ ತಿಂದ ಮೇಲೆ ಸರಿಯಾದ.

ತೊಳೆಯುವುದೂ ಸುಲಭ ಇರಲಿಲ್ಲ. ಬರೀ ನೀರಲ್ಲಿ ತುಂಬ ಹೊತ್ತು ತೊಳೆದರೆ ಪಾಕದ ಜೊತೆ ಫಿಲ್ಮಿನೊಳಗಿನ ಆಸಿಡ್ ಕೂಡ ಹೋಗುತ್ತದೆ. ಒಂದು ಸ್ಲೈಡು ಹಾಗೇ ಅರ್ಧ ನೀಲಿಯಾಯಿತು. ಕಡೆಗೆ ತುಂಬ ತೆಳು ಮಾಡಿದ ಫೈಟಿಕ್‌ನಲ್ಲಿ ಒಮ್ಮೆ ಅದ್ದಿ, ಟಿಶ್ಯೂ ಅಂಚಿನಿಂದ ಹೀರಿಸಿ, ಆಲ್ಕೋಹಾಲಿನಲ್ಲಿ ಕ್ಷಣಮಾತ್ರ ಅದ್ದಿ ತೆಗೆಯುವ ಕ್ರಮಕ್ಕೆ ಬಂದು ನಿಂತೆವು. ಪರೀಕ್ಷೆ ಒಂದೇ. ಕಡ್ಡಿ ಬದಲಿಸಿದರೆ ಅಂಕಿ ಅಲ್ಲಾಡಬಾರದು. ಜೊತೆಗೆ ಅಳೆಯುವ ಮೊದಲು ಎಲ್ಲ ಸ್ಲೈಡನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟೆವು. ಪ್ರತಿ ಸುತ್ತಿಗೂ ಒಂದು ಖಾಲಿ ಗಾಜು ಜೊತೆಗೆ.

ತೊಳೆದ ಫೈಟಿಕ್ ಸ್ಲೈಡಿನ ನಿಜವಾದ ರೀಡಿಂಗ್ 71 ಕಿಲೋ ಓಮ್. ಹೈಡ್ರೋಕ್ಲೋರಿಕ್‌ನ ಎರಡು ಪಟ್ಟು. ಲೆಕ್ಕ ನೋಡಿ, ಫಿಲ್ಮಿನ 71ರ ಪಕ್ಕ ಪಾಕದ 15 ಪ್ಯಾರಲಲ್ ಹಾಕಿದರೆ, ಅಂದರೆ ಕರೆಂಟಿಗೆ ಎರಡೂ ದಾರಿ ಒಟ್ಟಿಗೆ ಸಿಕ್ಕರೆ, ಹನ್ನೆರಡು ಚಿಲ್ಲರೆ. ಮೊದಲ ದಿನದ 12 ಎಲ್ಲಿಂದ ಬಂತು ಎಂದು ಸಿಕ್ಕಿಬಿತ್ತು. ಈ ಲೆಕ್ಕ ಕೂಡಿದಾಗ ಆದ ಖುಷಿ ಮೊದಲಿನ ಸುಳ್ಳು ರಿಸಲ್ಟಿನಲ್ಲೂ ಆಗಿರಲಿಲ್ಲ.

ಎರಡನೇ ಸುತ್ತು. 120ರಲ್ಲಿ ಎರಡು ತಾಸು, ಫೈಟಿಕ್ 71ರಿಂದ 96 ಕಿಲೋಗೆ. 150ರಲ್ಲಿ 260ಕ್ಕೆ. 200ರಲ್ಲಿ ಒಂದು ತಾಸು ಇಟ್ಟದ್ದು ಓಎಲ್. ಅಂದರೆ 150ರ ತನಕ ಅದು ಹೈಡ್ರೋಕ್ಲೋರಿಕ್‌ಗಿಂತ ಎಷ್ಟೋ ಮೇಲು. 200ರಲ್ಲಿ ಇಬ್ಬರೂ ಒಂದೇ.

ಒಳಗೆ ಏನಾಗುತ್ತದೆ ಎಂದು ತಿಳಿಯಲು ಹಾಳಾದ ಸ್ಲೈಡುಗಳನ್ನು ಪುನಃ ಆಸಿಡ್‌ಗೆ ಅದ್ದಿದೆವು. 120ರಲ್ಲಿ ಬೆಂದ ಹೈಡ್ರೋಕ್ಲೋರಿಕ್ ಸ್ಲೈಡು 190ರಿಂದ 41 ಕಿಲೋಗೆ ಬಂತು, ಹೆಚ್ಚುಕಡಿಮೆ ಹೊಸದು. ಹಾಗಾದರೆ ಅಲ್ಲಿ ಹೋದದ್ದು ಆಸಿಡ್ ಮಾತ್ರ, ಸರಪಳಿ ಗಟ್ಟಿಯಿದೆ. 200ರದ್ದು ಏನು ಮಾಡಿದರೂ ಜಗ್ಗಲಿಲ್ಲ. ಆ ಬಿಸಿಯಲ್ಲಿ ಒಂದು ಸರಪಳಿಯ ನೈಟ್ರೋಜನ್ ಪಕ್ಕದ ಸರಪಳಿಯ ಉಂಗುರಕ್ಕೆ ಬೆಸೆದುಕೊಳ್ಳುತ್ತದೆ. ಪ್ರೋಟಾನ್ ಕೂರುವ ಜಾಗವೇ ಇಲ್ಲದ ಮೇಲೆ ಆಸಿಡ್ ಕೊಟ್ಟು ಏನು ಪ್ರಯೋಜನ?

ಫೈಟಿಕ್‌ನಲ್ಲಿ ಇದರ ಜೊತೆ ಇನ್ನೂ ಎರಡು ಕೆಲಸ ನಡೆಯುತ್ತದೆ. ಬಿಸಿ ಏರಿದಂತೆ ಅಕ್ಕಪಕ್ಕದ ಫಾಸ್ಫೇಟ್ ಕೈಗಳು ನೀರು ಬಿಟ್ಟು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಕೊಂಡಿ ಬಿದ್ದ ಕೈಯಲ್ಲಿ ಕೊಡಲು ಪ್ರೋಟಾನ್ ಕಡಿಮೆ. ಇನ್ನೂ ಏರಿದರೆ ನಡುವಿನ ಕಾರ್ಬನ್ ಬಳೆಯಿಂದಲೇ ಫಾಸ್ಫೇಟ್ ನೀರನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಇದ್ದಿಲು. ಆ ಗುಳ್ಳೆ, ಆ ಕಪ್ಪು ಅದೇ. ಬೆಂಕಿ ಹಿಡಿಯದ ಬಟ್ಟೆ ಮಾಡುವವರು ಹತ್ತಿಗೆ ಫೈಟಿಕ್ ಆಸಿಡ್ ಬಳಿದು ನೋಡುವುದೂ ಇದೇ ಗುಣಕ್ಕೆ. ಬೆಂಕಿ ತಾಗಿದರೆ ಮೇಲೆ ಇದ್ದಿಲಿನ ಹೊದಿಕೆ ಏಳುತ್ತದೆ, ಒಳಗಿನ ಬಟ್ಟೆ ಉಳಿಯುತ್ತದೆ. ಅವರಿಗೆ ಬೇಕಾದದ್ದು ನಮಗೆ ಬೇಡವಾದದ್ದು.

ಕೊನೆಗೆ ಅಮೋನಿಯಾ ಬಾಟಲಿಯ ಬಾಯಿಗೆ ಒಂದೊಂದನ್ನೇ ಹಿಡಿದೆವು. ಬಿಸಿ ಮಾಡದ ಸ್ಲೈಡು ಎರಡು ಸೆಕೆಂಡಿನಲ್ಲಿ ನೀಲಿ. 120ರದ್ದೂ ಬೇಗನೆ ತಿರುಗಿತು. 150ರದ್ದು ಯೋಚನೆ ಮಾಡಿ ಮಾಡಿ ತಿರುಗಿತು, ಅದೂ ಮಂಕು ನೀಲಿ. 200ರದ್ದು ಕದಲಲೇ ಇಲ್ಲ. ಮೀಟರಿಗಿಂತ ಈ ಪರೀಕ್ಷೆಯೇ ನನಗೆ ಇಷ್ಟವಾಯಿತು. ತೇವಕ್ಕೆ ಮೋಸ ಹೋಗುವುದಿಲ್ಲ, ಖರ್ಚೂ ಇಲ್ಲ. ಮೊದಲ ದಿನವೇ ಆ ಕರಕಲು ಸ್ಲೈಡನ್ನು ಬಾಟಲಿಗೆ ಹಿಡಿದಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಈಗ ಹುಡುಗ ಹೊಸ ಬ್ಯಾಚ್ ಮಾಡಲು ಹೋಗಿದ್ದಾನೆ. 120ಕ್ಕೂ 150ಕ್ಕೂ ನಡುವೆ 10 ಡಿಗ್ರಿಯ ಮೆಟ್ಟಿಲಿನಲ್ಲಿ ನೋಡಬೇಕಂತೆ. ಮೂರು ಸ್ಲೈಡು ನನ್ನ ಮೇಜಿನ ಮೇಲೆ ಸಿಲಿಕಾ ಡಬ್ಬಿಯಲ್ಲಿವೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ರೀಡಿಂಗ್ ಬರೆದಿಡುತ್ತೇನೆ, ಕಡ್ಡಿ ಬದಲಿಸಿ ಎರಡೆರಡು ಸಲ. 150ರ ಸ್ಲೈಡು ಇವತ್ತು 263. ಖಾಲಿ ಗಾಜನ್ನೂ ತೊಳೆದು ಪಕ್ಕದಲ್ಲೇ ಇಟ್ಟಿದ್ದೇನೆ. ಅದು ಓಎಲ್.